ಗೇಟು ಕಾಯುವವನ ಕಾಯಿಲೆ

ವಳಕಮದಿನ್ನಿಯ ಕಾಲುವೆ ಗೇಟು ಕಾಯುವ ಕನಕರಾಯನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಹಾಸಿಗೆಗೆ ಬೆನ್ನು ಹಚ್ಚಿದರೆ ಸಾಕು, ಯಾರೋ ನೀರು ಕದಿಯಲು ಗೇಟು ಎತ್ತಿದಂತಾಗಿ ಎದ್ದು ಓಡುತ್ತಿದ್ದ. ಗೇಟಿನ ಕಾವಲು ತಪ್ಪಿದರೆ ನೌಕರಿ ಹೋಗುತ್ತದೆ ಎಂಬ ಅಂಜಿಕೆಯಲ್ಲಿ ರೊಟ್ಟಿಯ ತುತ್ತೂ ಗಂಟಲಿಳಿಯುತ್ತಿರಲಿಲ್ಲ.

“ಇದು ತಲಿ ರೋಗ ಕನಕಣ್ಣ,” ಎಂದ ಪಕ್ಕದ ಮನೆಯ ವೆಂಕೋಬ. ಕಾಲುವೆ ಕೆಳಗೆ ಅವನ ಭತ್ತದ ಗದ್ದೆ. “ನೀ ಸರ್ಕಾರಿ ನೌಕರ, ಔಷಧದ ಖರ್ಚು ಸರ್ಕಾರನ ಕೊಡ್ತದ. ನಡಿ, ನಾನೂ ಬರ್ತೀನಿ.”

“ಗೇಟು?”

“ನೋಡಪಾ, ಇದ ನಿನ್ನ ರೋಗ!”

ಹೆಂಡತಿ ಕರೆಮ್ಮ, “ಹೋಗಿ ಬರ್ರೀ, ನನಗರ ನಿದ್ದಿ ಬರ್ಲಿ,” ಎಂದು ಬುತ್ತಿ ಕಟ್ಟಿದಳು.

ಸಿಂಧನೂರಿನ ಡಾಕ್ಟರು ಹೊಟ್ಟೆ ಒತ್ತಿ ನೋಡಿ, “ಜ್ವರ ಇದ್ರ ಸರ್ಕಾರ ಕೊಡ್ತದ, ಅಂಜಿಕಿಗೆ ಇಲ್ಲ,” ಎಂದರು. ಮಸ್ಕಿಯವರು ತಲೆಯ ವಿಷಯವೆಂದು ತಲೆಗೆ ಹಚ್ಚುವ ಎಣ್ಣೆ ಬರೆದುಕೊಟ್ಟರು. ಲಿಂಗಸುಗೂರಿಗೆ ವಾರಕ್ಕೊಮ್ಮೆ ಮನಸ್ಸಿನ ಡಾಕ್ಟರು ಬರುತ್ತಾರೆಂದು ಅಲ್ಲಿಯೇ ಗೊತ್ತಾಯಿತು.

ಬಸ್ಸಿನಲ್ಲಿ ವೆಂಕೋಬ, “ಸರೀರಿ, ತಲಿ ಕೆಟ್ಟದ ಇವಂದು!” ಎಂದು ಜಾಗ ಮಾಡಿಸಿದ. ಬಾಜುವಿನ ಮುದುಕಿ ತನ್ನ ಕೋಳಿಯನ್ನು ಸೆರಗಿನೊಳಗೆ ಎಳೆದುಕೊಂಡಳು. ಕನಕರಾಯನಿಗೆ ನಾಚಿಕೆಯಿಂದ ಮೈ ಹಿಡಿಯಷ್ಟಾಯಿತು.

ಲಿಂಗಸುಗೂರಿನ ಡಾಕ್ಟರು ಸಿಕ್ಕರು. ಸರ್ಕಾರಿ ನೌಕರರನ್ನು ಪುಕ್ಕಟೆ ನೋಡುತ್ತಿದ್ದರು ಕೂಡ.

“ಗೇಟನ್ನ ಇಲ್ಲೀತನ ಯಾರಾದ್ರೂ ಎತ್ಯಾರೇನು?”

“ಇಲ್ರೀ. ನಾ ಕಾಯಾಕತ್ತೀನಲ್ರೀ.”

“ಕಾಯೂದು ಬಿಡು. ಯಾರೂ ಎತ್ತೂದಿಲ್ಲ. ವಾರಾ ವಾರಾ ಬಾ, ಆರಾಮ ಆಗ್ತೀ.”

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಬರುವಾಗ ಕನಕರಾಯ ವೆಂಕೋಬನ ಹೆಗಲಿಗೆ ತಲೆಯಿಟ್ಟು ಊರು ಬರುವತನಕ ಗೊರಕೆ ಹೊಡೆದ.

ಇಳಿದು ನೋಡಿದರೆ ಬೀಗ ಮುರಿದಿದೆ, ಗೇಟು ಪೂರ್ತಿ ಮೇಲೆದ್ದಿದೆ. ವೆಂಕೋಬನ ಗದ್ದೆ ತುಂಬಿ ತುಳುಕುತ್ತಿದೆ. ನಡುವೆ ಅವನ ತಮ್ಮ ಸಲಿಕೆ ಹಿಡಿದು ನಿಂತಿದ್ದಾನೆ. ದಂಡೆಯ ಮೇಲೆ ಇಂಜಿನಿಯರ್ ಸಾಹೇಬರ ಜೀಪು!

“ಎಲ್ಲಿ ಹೋಗಿದ್ಯೋ?”

“ದವಾಖಾನಿಗ್ರೀ ಸಾಹೇಬ್ರ. ಯಾರೋ ಗೇಟು ಎತ್ತತಾರ ಅಂತ ಅಂಜಿಕಿ ರೋಗ ಐತ್ರೀ.”

ಸಾಹೇಬರು ಗೇಟಿನತ್ತ ಒಮ್ಮೆ, ಅವನತ್ತ ಒಮ್ಮೆ ನೋಡಿದರು. “ಇದು ರೋಗ ಏನೋ? ನಾಳಿಂದ ಕೆಲಸಕ್ಕ ಬರಬ್ಯಾಡ!”

ಕನಕರಾಯ ದಂಡೆಯ ಮೇಲೆ ಕುಸಿದು ಕೂತ. ನೌಕರಿ ಹೋಯಿತು. ಅದರ ಜೊತೆ, ದಿನವಿಡೀ ಅಲೆದು ಹುಡುಕಿದ ಪುಕ್ಕಟೆ ಡಾಕ್ಟರೂ ಹೋದರು.

ವೆಂಕೋಬ ಪಕ್ಕದಲ್ಲಿ ಕೂತು, ಬೆನ್ನು ಸವರಿದ. “ಇರ್ಲಿ ಬಿಡು ಕನಕಣ್ಣ. ಇನ್ನ ಗೇಟಿನ ಚಿಂತಿನ ಇಲ್ಲ, ಆರಾಮ ಮಲಕೋ.”