ಮುಂಜಾಗ್ರತೆಯ ಸೂಜಿ

ಬರೀ ಗುಳಿಗೆ ಕೊಟ್ಟು ಕಳಿಸುವವರನ್ನು ನಾನು ಎಂದೂ ಡಾಕ್ಟರೆಂದು ಒಪ್ಪಿದವನಲ್ಲ. ನಾನೊಬ್ಬನೇ ಏಕೆ, ಇಳಕಲ್ಲಿನ ನಮ್ಮ ಓಣಿಯೇ ಒಪ್ಪುತ್ತಿರಲಿಲ್ಲ. ನೆಗಡಿಯಾದರೂ ಸರಿ, ಮಗ್ಗದಲ್ಲಿ ಕೂತು ಕೂತು ಸೊಂಟ ಹಿಡಿದರೂ ಸರಿ, ಡಾಕ್ಟರು ಸೂಜಿ ಚುಚ್ಚಬೇಕು, ನಾವು 'ಸ್ಸ್' ಎನ್ನಬೇಕು, ಆಗಲೇ ಸಮಾಧಾನ. ನಮ್ಮ ಓಣಿಯ ಡಾಕ್ಟರು ಇದನ್ನು ಚೆನ್ನಾಗಿ ಅರಿತ ಪುಣ್ಯಾತ್ಮರು. ಸೂಜಿಯನ್ನು ಸ್ಪಿರಿಟ್ ಅರಳೆಯಿಂದ ಒಮ್ಮೆ ಒರೆಸಿ ಮುಂದಿನವರ ತೋಳಿಗೆ ಹೋಗುತ್ತಿದ್ದರು. ಅವರು ಸೂಜಿ ಬದಲಿಸಿದ್ದನ್ನು ನಾನು ನೋಡಿಲ್ಲ, ಬದಲಿಸಿ ಎಂದು ಕೇಳಿದವರನ್ನೂ ನೋಡಿಲ್ಲ.

ಇಂಥ ಓಣಿಯಲ್ಲಿ ನಮ್ಮ ಅಣ್ಣನಿಗೆ ಹೆಪಟೈಟಿಸ್ ಸಿ ಎಂದು ಗೊತ್ತಾಯಿತು. ಬಾಗಲಕೋಟೆ ಆಗಿನ್ನೂ ಹೊಸ ಜಿಲ್ಲೆ. ಅಲ್ಲಿ ಬೀಗರೊಬ್ಬರಿಗೆ ರಕ್ತ ಕೊಡಲು ಹೋದವನನ್ನು, ಪರೀಕ್ಷೆಯಲ್ಲಿ ಈ ರೋಗ ಕಂಡಿತೆಂದು ಅದೇ ಊರಿನ ವಿದ್ಯಾಗಿರಿ ಬಡಾವಣೆಯ ಡಾಕ್ಟರಮ್ಮನವರ ಬಳಿ ಕಳಿಸಿದರು. ನಾನೂ ಜೊತೆಗೆ ಹೋದೆ. "ಇದು ರಕ್ತದಿಂದ ರಕ್ತಕ್ಕ ಹೋಗೂ ರೋಗ. ಕೂಡಿ ಉಂಡ್ರ, ಮುಟ್ಟಿದ್ರ, ಕೆಮ್ಮಿದ್ರ ಬರೂದಿಲ್ಲ. ಬ್ಲೇಡು, ಹಲ್ಲುಜ್ಜೂ ಬ್ರಶ್, ಒಬ್ಬರಿಗೆ ಚುಚ್ಚಿದ ಸೂಜಿ, ಇವನ್ನಷ್ಟ ಹಂಚ್ಕೋಬ್ಯಾಡ್ರಿ" ಎಂದು ಅವರು ಬಿಡಿಸಿ ಹೇಳಿದರು. ನಾನು ಗಂಭೀರವಾಗಿ ತಲೆಯಾಡಿಸಿದೆ. ಬಸ್ಸು ಹುನಗುಂದ ದಾಟುವಷ್ಟರಲ್ಲಿ 'ಕೂಡಿ ಉಂಡ್ರ' ಎಂಬುದಷ್ಟೇ ನನ್ನ ತಲೆಯಲ್ಲಿ ಉಳಿದಿತ್ತು.

ಮನೆಗೆ ಬಂದವನೇ ಅಣ್ಣನ ತಾಟು ಚರಿಗೆ ಬೇರೆ ಮಾಡಿಸಿದೆ. ಅವನ ಊಟ ಪಡಸಾಲೆಯ ಮೂಲೆಗೆ ಹೋಯಿತು. ಅತ್ತಿಗೆ ನನ್ನನ್ನು ದುರುಗುಟ್ಟಿ ನೋಡಿ, ತಮ್ಮ ತಾಟನ್ನೂ ಎತ್ತಿಕೊಂಡು ಅಲ್ಲಿಗೇ ಹೋದರು. ಸೀರೆಯ ಒಡಲನ್ನೂ ಸೆರಗನ್ನೂ ಎಳೆ ಎಳೆಯಾಗಿ ಜೋಡಿಸುವ ಕೊಂಡಿ ಕೆಲಸಕ್ಕೆ ಜೊತೆಗಾರರು ಬೇಕು. ಅಣ್ಣನ ಜೊತೆ ಕೂರಲು ಯಾರೂ ಬರಲಿಲ್ಲ, ಮಗ್ಗ ನಿಂತಿತು. ಪಕ್ಕದ ಮನೆಯ ಗಂಗಮ್ಮತ್ತೆ ಬಂದು, "ಅಂವ ನೇಯ್ದ ಸೀರಿ ಉಟ್ಟೇನಲ್ಲೋ ಯಪ್ಪಾ, ಒಗದ್ರ ಹೋಗ್ತದೇನು?" ಎಂದು ಕೇಳಿದಳು. "ಎರಡ ಸಲ ಒಗೀಬೇ ಅತ್ತಿ" ಎಂದು ನಾನು ತಜ್ಞನ ಗತ್ತಿನಲ್ಲಿ ಹೇಳಿದೆ.

ಇಷ್ಟೂ ಸಾಲದೆ, ರೋಗ ನನಗೆ ತಟ್ಟದಿರಲೆಂದು ಓಣಿಯ ಡಾಕ್ಟರ ಬಳಿ ಶಕ್ತಿಯ ಸೂಜಿಗೆ ಓಡಿದೆ. "ಮುಂಜಾಗ್ರತಿ ಭಾಳ ಛಲೋ. ತೋಳ ಏರಸ್ರಿ" ಎಂದರು. ನನ್ನನ್ನು ನೋಡಿ ಓಣಿಯೂ ಹಿಂದೆ ಪಾಳಿ ಹಚ್ಚಿತು. ಅದೇ ಅರಳೆ, ಅದೇ ಸೂಜಿ. ಅಣ್ಣನ ಚರಿಗೆ ಮುಟ್ಟಿಲ್ಲವೆಂಬ ಹೆಮ್ಮೆ ಮಾತ್ರ ಎಲ್ಲರ ಮುಖದಲ್ಲಿತ್ತು.

ಮುಂದಿನ ಸಲ ಅಣ್ಣನೊಡನೆ ವಿದ್ಯಾಗಿರಿಗೆ ಹೋದಾಗ, ಅವನನ್ನು ಹೊರಗೆ ಕೂರಿಸಿ, ಡಾಕ್ಟರಮ್ಮನವರ ಮುಂದೆ ಈ ಸಾಹಸವನ್ನೆಲ್ಲ, ಓಣಿಗೆಲ್ಲ ಒಂದೇ ಸೂಜಿ ಸಾಲಿದ್ದನ್ನೂ ಸೇರಿಸಿ, ವರ್ಣಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿಮ್ಮ ಅಣ್ಣಾರೂ ಅಲ್ಲೇ ಸೂಜಿ ಮಾಡಿಸ್ಕೋತಿದ್ರೇನು?"

"ಹೌದ್ರಿ, ಸೊಂಟದ ನೋವಿಗೆ."

"ಹಂಗಾರ ಕೂಡಿ ಉಣ್ಣೂ ಮಾತು ಬಿಡ್ರಿ. ಮೊದಲ ನಿಮ್ಮ ರಕ್ತ ನೋಡೂಣು."

ರಕ್ತ ತೆಗೆಯುವ ಕೋಣೆಯಲ್ಲಿ ಕೂತು ಜನ್ಮದಲ್ಲಿ ಮೊದಲ ಸಲ ಕೇಳಿದೆ: "ಸೂಜಿ ಹೊಸಾದೇನ್ರಿ?" ಬಾಗಿಲಲ್ಲಿ ನಿಂತಿದ್ದ ಅಣ್ಣ ನಕ್ಕುಬಿಟ್ಟ. ಅವನು ನಕ್ಕು ಬಹಳ ದಿನವಾಗಿತ್ತು. ಒಳಗೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ. "ಅಂಜಬ್ಯಾಡೋ ತಮ್ಮಾ. ನಿನಗ ಬಂದ್ರೂ ನಾ ನಿನ್ನ ಬಾಜೂಕ ಕೂತ ಉಣ್ತೇನಿ."

ನಾಚಿಕೆಯಿಂದ ಅವನ ಮುಖ ನೋಡಲಾಗದೆ ಗೋಡೆಯ ಕಡೆ ತಿರುಗಿದೆ. "ಸೂಜಿಗೆ ಅಂಜ್ತೀರೇನ್ರಿ?" ಎಂದು ರಕ್ತ ತೆಗೆಯುವವರು ಕೇಳಿದರು.

"ಹೌದ್ರಿ," ಎಂದೆ. "ಇವತ್ತಿನಿಂದ."