ಕಾಯಿಲ್ಲದ ಸಾರು

ಜ್ಞಾನೇಶನ ಬೆಲ್ಟಿನ ಕೊನೆಯ ತೂತೂ ಬಿಗಿಯಾದದ್ದೇ ಎಲ್ಲಕ್ಕೂ ಮೂಲ. ತಿಪಟೂರಿನಲ್ಲಿ ಪರಮಶಿವಯ್ಯನವರ ಕೊಬ್ಬರಿ ಮಂಡಿಯ ಗುಮಾಸ್ತ ಅವನು. ಸಕ್ಕರೆ ಏರಿದೆ ಎಂದು ಡಾಕ್ಟರ್ ಮಲ್ಲಿಕಾರ್ಜುನಯ್ಯ ಗದರಿದ್ದರು. “ಹೋಳಿಗೆ ಬಂದ್, ಕಾಯಿ ಬಂದ್. ಗೊತ್ತಾಯ್ತಾ?” ಹೆಂಡತಿ ನಿರ್ಮಲಾ ತನ್ನದೂ ಒಂದು ಸೇರಿಸಿದ್ದಳು. “ಮುಂದಿನ ಸಲಾನೂ ಸಕ್ಕರೆ ಇಳೀದಿದ್ರೆ ನಾನೇ ಮಂಡಿಗೆ ಬಂದು ಪಂಕ್ತೀಲಿ ನಿಮ್ಮ ಪಕ್ಕ ಕೂತ್ಕೋತೀನಿ ಕಣ್ರೀ. ಒಂದೊಂದು ತುತ್ತೂ ನಾನು ನೋಡಿದ ಮೇಲೇ ಒಳಕ್ಕೆ ಹೋಗ್ಬೇಕು.”

ಮನೆಯಿಂದ ಡಬ್ಬಿ ತಂದು ಮೂಲೆಯಲ್ಲಿ ಕೂತು ತಿನ್ನೋಣವೆಂದರೆ ಆ ಮಂಡಿಯಲ್ಲಿ ಅದು ನಡೆಯದು. ಕೊಬ್ಬರಿಗೆ ರೇಟು ಕೂಗುವ ಟೆಂಡರ್ ದಿನ, ಮಾಲು ತಂದ ರೈತರಿಗೆಲ್ಲ ಅಲ್ಲೇ ಮಧ್ಯಾಹ್ನದ ಊಟ. ಗುಮಾಸ್ತ ಮೊದಲ ಎಲೆಗೆ ಕೂತು ಅವರು ಉಂಡದ್ದನ್ನೇ ಉಣ್ಣಬೇಕು. ನಮ್ಮ ಜೊತೆ ಉಣ್ಣದವನು ನಮ್ಮ ಕೊಬ್ಬರಿ ನೆಟ್ಟಗೆ ತೂಗುತ್ತಾನೆಯೇ ಎಂಬುದು ರೈತರ ವಾದ. ಊಟದ ಪಟ್ಟಿಯೂ ಪರಮಶಿವಯ್ಯನವರ ತಂದೆಯ ಕಾಲದ್ದೇ. ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಸಿದ್ದು ಇನ್ನೂ ಮಾಸಿರಲಿಲ್ಲ: ಕಾಯನ್ನ, ಕಾಯಿ ಅರೆದ ಸಾರು, ಕೊಬ್ಬರಿ ಚಟ್ನಿ, ಕಾಯಿ ಹೋಳಿಗೆ, ಅದರ ಮೇಲೆ ಕಾಯಿಹಾಲು. ಆ ಕಾಲದವರು ಅದನ್ನು ಉಂಡು ದೂರದ ಹಂದನಕೆರೆಗೆ ನಡೆದುಕೊಂಡು ಹೋಗುತ್ತಿದ್ದರು. ಜ್ಞಾನೇಶ ಉಂಡು ಕುರ್ಚಿಗೆ ಹೋಗುತ್ತಿದ್ದ.

ಟೆಂಡರ್ ದಿನ ಬೆಳಿಗ್ಗೆ ಅವನು ಯಜಮಾನರ ಮುಂದೆ ನಿಂತ. “ಪಟ್ಟಿ ಅಳಿಸೋದು ಬ್ಯಾಡ ಯಜಮಾನ್ರೇ, ಒಳಗಿನ ಸಾಮಾನು ಮಾತ್ರ ಬದಲಾಯ್ಸಾಣ. ಅಕ್ಕಿ ಜಾಗಕ್ಕೆ ನವಣೆ. ಹೋಳಿಗೆ ಜಾಗಕ್ಕೆ ಹೆಸರುಕಾಳು ಉಸ್ಲಿ. ಚಟ್ನಿ ಹುಚ್ಚೆಳ್ಳಿಂದು, ಕಾಯಿಹಾಲಿಗೆ ಬದ್ಲು ಮಜ್ಜಿಗೆ. ಸಾರು ಹುರುಳಿದು, ಕಾಯಿಲ್ದೆ. ನಿಮ್ಮ ಕಾಲುನೋವೂ ಇಳೀತದೆ.”

“ಕಾಯಿಲ್ದೆ?” ಪರಮಶಿವಯ್ಯ ಕನ್ನಡಕ ತೆಗೆದು ಅವನನ್ನು ನೋಡಿದರು. ಅಷ್ಟರಲ್ಲಿ ಕಾಲು ಚಳುಕು ಹೊಡೆಯಿತು. “ಇವತ್ತೊಂದಿನ ನೋಡಾಣ. ಎಡವಟ್ಟಾದ್ರೆ ಜವಾಬ್ದಾರಿ ನಿಂದು ಕಣಪ್ಪ.”

ಅಡಿಗೆಯ ಸಿದ್ದಮ್ಮ ಮಾತ್ರ ಒಪ್ಪಲಿಲ್ಲ. “ತುರಿಮಣೆ ಒಣಗಿ ಕೂತೈತೆ. ಅಡಿಗೆಮನೆ ಸೂತಕದ ಮನೆಯಂಗೆ ಕಾಣ್ತದೆ ಕಣಪ್ಪ,” ಎಂದು ಗೊಣಗುತ್ತಲೇ ಹುರುಳಿ ಬೇಯಲು ಇಟ್ಟಳು.

ಆಶ್ಚರ್ಯವೆಂದರೆ ಊಟ ಗೆದ್ದಿತು. ಪಂಕ್ತಿಯಲ್ಲಿ ಮಾತೇ ಇಲ್ಲ, ಸೊರಸೊರ ಸದ್ದು ಮಾತ್ರ. ಜ್ಞಾನೇಶನಿಗೆ ಬೆಲ್ಟು ಆಗಲೇ ಸಡಿಲವಾದಂತೆನಿಸಿ ಮನಸ್ಸು ತುಂಬಿ ಬಂತು. ಆಗ ಹಂದನಕೆರೆಯ ಗಂಗಣ್ಣ ಬೊಗಸೆಯಲ್ಲಿದ್ದ ಸಾರನ್ನು ಹೀರಿ, ಅಂಗೈಯನ್ನೇ ದಿಟ್ಟಿಸಿದ.

“ಸಾರು ಸೊಗಸಾಗೈತೆ. ಕಾಯಿ ಎಲ್ಲಿ?”

“ಹಾಕಿಲ್ಲ ಗಂಗಣ್ಣ. ಆರೋಗ್ಯಕ್ಕೆ ಒಳ್ಳೇದು ಅಂತ.”

“ಚಟ್ನೀಗೆ?”

“ಅದ್ಕೂ ಇಲ್ಲ.”

ಗಂಗಣ್ಣ ಕೈ ತೊಳೆದು ಅಂಗಳಕ್ಕೆ ಹೋದ. “ಕೊಬ್ಬರಿ ಮಂಡಿಯವ್ರೇ ಕಾಯಿ ಬುಟ್ಟವ್ರೆ ಅಂದ್ರೆ ಏನರ್ಥ? ಅವ್ರಿಗೆ ಏನೋ ಸುದ್ದಿ ಬಂದೈತೆ. ರೇಟು ಬೀಳ್ತದೆ,” ಎಂದ.

“ಬೀಳಾದಲ್ಲ ಕಣ್ಲಾ, ಏರ್ತದೆ. ಅದ್ಕೇ ಇರೋ ಕಾಯೆಲ್ಲ ಬಚ್ಚಿಟ್ಟವ್ರೆ,” ಎಂದ ಪಕ್ಕದವನು.

ಬೀಳುತ್ತದೆ ಎಂದವರು ಈಗಲೇ ಮಾರಿಬಿಡೋಣವೆಂದು ಬೇರೆ ಮಂಡಿಗೆ ಹೊರಟರು. ಏರುತ್ತದೆ ಎಂದವರು ಮನೆಗೆ ಹೊರಟರು. ಅಂತೂ ಚೀಲಗಳು ಪರಮಶಿವಯ್ಯನವರ ಅಂಗಳ ಬಿಟ್ಟು ಲಗೇಜ್ ಆಟೊ ಹತ್ತತೊಡಗಿದವು. ಕಿಬ್ಬನಹಳ್ಳಿಯಿಂದ ಯಾರೋ ಫೋನ್ ಮಾಡಿ, ನಿಮ್ಮ ಗುಮಾಸ್ತರು ಕೊಬ್ಬರಿ ತಿಂದು ಆಸ್ಪತ್ರೆ ಸೇರಿದ್ದಾರಂತೆ, ಹೌದೇ ಎಂದು ವಿಚಾರಿಸಿದರು.

“ನಮ್ಮಪ್ಪ ಕಟ್ಟಿದ ಮಂಡಿ ಇದು,” ಎಂದರು ಪರಮಶಿವಯ್ಯ. “ಅಂಗಳ ಖಾಲಿಯಾದ್ರೆ ನಿನ್ನ ಕುರ್ಚೀನೂ ಖಾಲಿ ಅಂತ ತಿಳ್ಕೋ.”

ಜ್ಞಾನೇಶ ಓಡಿಹೋಗಿ ತೂಕದ ಕಟ್ಟೆಯ ಮೇಲೆ ನಿಂತು ಕೈಮುಗಿದ. “ಯಾವ ಸುದ್ದೀನೂ ಬಂದಿಲ್ಲ ಕಣ್ರಪ್ಪ. ನನಗೆ ಸಕ್ಕರೆ ಐತೆ. ಕಾಯಿ ಬ್ಯಾಡ ಅಂತ ಡಾಕ್ಟ್ರು ಹೇಳವ್ರೆ, ಅಷ್ಟೇಯ.”

“ಡಾಕ್ಟ್ರೇ ಬ್ಯಾಡ ಅಂದವ್ರಾ?” ಗಂಗಣ್ಣನ ಮುಖ ಬಾಡಿತು. “ಅಂಗಾದ್ರೆ ಊರೇ ಕಾಯಿ ಬುಡ್ತದೆ. ಬೇಗ ಹೇರ್ರಲಾ.”

ಅದೇ ಹೊತ್ತಿಗೆ ಒಂದು ಕಾರು ಅಂಗಳಕ್ಕೆ ಬಂತು. ಇಳಿದವರು ಡಾಕ್ಟರ್ ಮಲ್ಲಿಕಾರ್ಜುನಯ್ಯ. ದೇವರು ಬಂದಂತಾಯಿತು ಜ್ಞಾನೇಶನಿಗೆ. “ನೋಡಿ, ಅವರೇ ಬಂದ್ರು. ನನಗೊಬ್ಬನಿಗೇ ಕಾಯಿ ಬ್ಯಾಡ ಅಂದಿದ್ದು ಅಂತ ಹೇಳಿ ಸಾರ್.”

ಡಾಕ್ಟರು ಜ್ಞಾನೇಶನನ್ನು ನೋಡಿದರು, ಗಾಡಿಗೆ ಹೇರುತ್ತಿದ್ದ ಚೀಲಗಳನ್ನು ನೋಡಿದರು. ಆಮೇಲೆ ತಮ್ಮ ಕಾರಿನ ಹಿಂದೆಯೇ ಬಂದು ನಿಂತ ಟ್ರ್ಯಾಕ್ಟರನ್ನು ನೋಡಿದರು. ದಂಡಿನಶಿವರದ ಅವರ ತೋಟದ ಆ ವರ್ಷದ ಕೊಬ್ಬರಿಯೆಲ್ಲ ಅದರಲ್ಲಿತ್ತು.

“ನಾನು ಹಾಗಂದ್ನಾ?” ಎಂದರು ಡಾಕ್ಟರು. “ಕೊಬ್ಬರಿ ಬಂಗಾರ ಕಣ್ರೀ, ಯಾರಾದ್ರೂ ಬೇಡ ಅಂತಾರಾ? ಸಿದ್ದಮ್ಮ, ಹೋಳಿಗೆ ಇದೆಯಾ?”

ಇತ್ತು. ಹೊಸ ಊಟದ ಮೇಲೆ ನಂಬಿಕೆಯಿಲ್ಲದೆ ಸಿದ್ದಮ್ಮ ಒಂದು ಡಬರಿ ಹೋಳಿಗೆ, ಜೊತೆಗೆ ಕಾಯಿಹಾಲು ಮಾಡಿ ಮುಚ್ಚಿಟ್ಟಿದ್ದಳು. ಅಂಗಳದ ನಡುವೆ ಜ್ಞಾನೇಶನಿಗೆ ಎಲೆ ಬಿತ್ತು. ಡಾಕ್ಟರೇ ಕೈಯಾರೆ ಬಡಿಸಿ, ಕಾಯಿಹಾಲು ಸುರಿದರು. “ತಿನ್ನಿ, ನಾನಿದ್ದೀನಲ್ಲ.”

ಜ್ಞಾನೇಶ ತಿಂದ. ಒಂದು ಹೋಳಿಗೆ ಒಳಗೆ ಹೋದರೆ ಒಂದು ಗಾಡಿ ಹಿಂದಕ್ಕೆ ತಿರುಗುತ್ತಿತ್ತು. ಬಾಯಿ ಒಲ್ಲೆ ಅಂದಾಗಲೆಲ್ಲ ಪರಮಶಿವಯ್ಯ ಗೇಟಿನ ಕಡೆ ಕೈ ತೋರಿಸಿ, “ಇನ್ನೊಂದು ಕಣಪ್ಪ, ಆ ಟೆಂಪೊನೂ ಬರ್ಲಿ,” ಎನ್ನುತ್ತಿದ್ದರು. ಡಾಕ್ಟರ ಟ್ರ್ಯಾಕ್ಟರು ಎಲ್ಲರಿಗಿಂತ ಮೊದಲು ಖಾಲಿಯಾಯಿತು.

ಹೊರಡುವಾಗ ಅವರು ಕಾರಿನ ಕಿಟಕಿ ಇಳಿಸಿದರು. “ನಾಳೆ ಖಾಲಿ ಹೊಟ್ಟೇಲಿ ಬನ್ನಿ, ಸಕ್ಕರೆ ನೋಡ್ಬೇಕು. ನಾಲಿಗೆ ಸ್ವಲ್ಪ ಹಿಡಿತದಲ್ಲಿರಲಿ.”

ಸಂಜೆ ಪರಮಶಿವಯ್ಯ ಜ್ಞಾನೇಶನ ಬೆನ್ನು ತಟ್ಟಿದರು. “ನಿನ್ನ ಹೊಸ ಊಟ ರೈತ್ರಿಗೆ ಹಿಡಿಸೈತೆ. ನನ್ನ ಕಾಲೂ ಹಗುರಾಗೈತೆ. ಇನ್ಮೇಲೆ ಪಂಕ್ತಿಗೆಲ್ಲ ಅದೇ.” ಜ್ಞಾನೇಶನ ಕಣ್ಣು ತೇವವಾಯಿತು. “ನೀನೊಬ್ಬ ಮಾತ್ರ ಮೊದಲ ಎಲೇಲಿ ಕೂತು ಹಳೇ ಪಟ್ಟೀನೇ ಉಣ್ಬೇಕು, ಎಲ್ಲರಿಗೂ ಕಾಣಂಗೆ. ನೀನು ಕಾಯಿ ತಿನ್ನೋದು ಕಂಡ್ರೇನೇ ಅವ್ರು ಚೀಲ ಇಳಿಸೋದು.”

ಮುಂದಿನ ಟೆಂಡರ್ ದಿನ, ಏರಿದ ಸಕ್ಕರೆಯ ಸುದ್ದಿ ಕೇಳಿ, ಹೇಳಿದಂತೆಯೇ ನಿರ್ಮಲಾ ಬಂದು ಗಂಡನ ಪಕ್ಕ ಕೂತಳು. ನವಣೆ ಅನ್ನಕ್ಕೆ ಹುರುಳಿ ಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟಳು, ಉಸ್ಲಿ ನೋಡಿದಳು, ಮಜ್ಜಿಗೆ ನೋಡಿದಳು. ಪಂಕ್ತಿಯ ಉದ್ದಕ್ಕೂ ಅದೇ ಊಟ. ಆಮೇಲೆ ಗಂಡನ ಎಲೆಯ ಕಡೆ ತಿರುಗಿದಳು.

“ಊರಿಗೆಲ್ಲ ಇಂಥಾ ಒಳ್ಳೇ ಊಟ ಬಡಿಸ್ತಾವ್ರೆ,” ಎಂದಳು. “ನಿಮಗೊಬ್ರಿಗೆ ಮಾತ್ರ ಹೋಳಿಗೇನೇ ಆಗ್ಬೇಕಾ?”

ಎದುರಿಗೆ ಗಂಗಣ್ಣ ಕಣ್ಣು ಮಿಟುಕಿಸದೆ ಕಾಯುತ್ತಿದ್ದ. ಜ್ಞಾನೇಶ ಬೆಲ್ಟು ಬಿಚ್ಚಿ ಪಕ್ಕಕ್ಕಿಟ್ಟು, ಹೋಳಿಗೆ ಮುರಿದ.