ಒತ್ತಿದ ಮೇಲೆ ತಡವಾಗಿ ತೆಗೆಯುವ ಕ್ಯಾಮೆರಾದ ಪರವಾಗಿ

ಇಂದ:
ತಮ್ಮ ತಂದೆ,
ದೇವರ ಕೋಣೆಯ ಪಕ್ಕದ ಕೋಣೆ, ನಮ್ಮ ಮನೆ.

ಗೆ:
ಮುಖ್ಯಸ್ಥೆಯವರು,
ಕ್ಯಾಮೆರಾ ಪರೀಕ್ಷಾ ವಿಭಾಗ, ಗ್ರಾಹಕರ ಮಾಸಪತ್ರಿಕೆ.

ಮೂಲಕ: ಊಟದ ಡಬ್ಬಿ.

ವಿಷಯ: ತಮ್ಮ ತಾಯಿಯ ಕ್ಯಾಮೆರಾವನ್ನು ಸೋಮವಾರ ಬಿಚ್ಚದಿರುವಂತೆ ಕೋರಿ.

ಉಲ್ಲೇಖ: ಈ ದಿನ ಬೆಳಗಿನ ತಿಂಡಿಯ ಹೊತ್ತಿನಲ್ಲಿ ನಡೆದ ಮಾತುಕತೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ, "ಮನೆಯ ಹಳೆಯ ಕ್ಯಾಮೆರಾ: ಇಟ್ಟುಕೊಳ್ಳಬೇಕೆ, ಬದಲಿಸಬೇಕೆ?" ಎಂಬ ಸಂಚಿಕೆಗಾಗಿ ತಾವು ನನ್ನ ಪತ್ನಿಯ ಕ್ಯಾಮೆರಾವನ್ನು ಬೀರುವಿನಿಂದ ಒಯ್ದು, ಪರೀಕ್ಷಿಸಿ, ಹತ್ತಕ್ಕೆ ಮೂರು ಅಂಕ ನೀಡಿರುತ್ತೀರಿ. ನಾಲ್ಕಕ್ಕಿಂತ ಕಡಿಮೆ ಬಂದದ್ದನ್ನು ಬಿಚ್ಚಿ, ಒಳಗಿನ ಭಾಗಗಳನ್ನು ಓದುಗರಿಗೆ ತೋರಿಸುವುದು ವಿಭಾಗದ ನಿಯಮವೆಂದೂ, ಸೋಮವಾರ ಇದರ ಸರದಿಯೆಂದೂ ಇಂದು ತಿಳಿಯಿತು. ಆಗ ನಡೆದ ಮಾತು ಹೀಗಿದೆ:

"ಆ ಮೂರು ಅಂಕಾನೂ ಕರುಣೆಯಿಂದ ಕೊಟ್ಟಿದ್ದಪ್ಪ."

"ಕರುಣೆ ಇರೋರು ಬಿಚ್ಚಿ ಹಾಕ್ತಾರೇನೇ?"

"ಆಫೀಸಿನ ವಿಷಯ ತಿಂಡಿ ತಟ್ಟೆಗೆ ತರಬೇಡಿ. ಏನಿದ್ರೂ ಬರೆದು ಕೊಡಿ."

ಆದ್ದರಿಂದ ಬರೆದು ಕೊಡುತ್ತಿದ್ದೇನೆ.

1. ಗುಂಡಿ ಒತ್ತಿದ ಮೇಲೆ ಚಿತ್ರ ತಡವಾಗಿ ಬೀಳುತ್ತದೆ ಎಂಬುದು ತಮ್ಮ ಮುಖ್ಯ ಆಕ್ಷೇಪಣೆ. ಇದು ನಿಜ. ತಮ್ಮ ತಾಯಿ "ನಗಿ" ಎನ್ನುತ್ತಿದ್ದಳು. ನಾವು ನಗುತ್ತಿದ್ದೆವು. ಕ್ಯಾಮೆರಾ ಸುಮ್ಮನಿರುತ್ತಿತ್ತು. ನಕ್ಕು ನಕ್ಕು ದವಡೆ ನೋವು ಬಂದು, ನಾವು ನಗು ಬಿಟ್ಟು ನಮ್ಮ ನಮ್ಮ ಜಗಳಕ್ಕೆ ಹಿಂತಿರುಗಿದ ಮೇಲೆ ಅದು ಚಿತ್ರ ತೆಗೆಯುತ್ತಿತ್ತು. ತಾವು ಪದವಿ ಪಡೆದ ದಿನ ಬಾಡಿಗೆಯ ಛಾಯಾಗ್ರಾಹಕ ತೆಗೆದ ಚಿತ್ರದಲ್ಲಿ ತಾವು ಕಂಬದಂತೆ ನಿಂತಿದ್ದೀರಿ. ಈ ಕ್ಯಾಮೆರಾದ ಚಿತ್ರದಲ್ಲಿ ತಾವು ಕಪ್ಪು ನಿಲುವಂಗಿ ಎತ್ತಿ ಹಿಡಿದು ಒಂದು ಚಪ್ಪಲಿ ಹುಡುಕುತ್ತಿದ್ದೀರಿ, ತಮ್ಮ ದೊಡ್ಡಪ್ಪ ಆಕಳಿಸುತ್ತಿದ್ದಾರೆ. ಮನೆಗೆ ಬಂದವರು ಯಾವುದನ್ನು ನೋಡಲು ಕೇಳುತ್ತಾರೆಂಬುದು ತಮಗೇ ಗೊತ್ತು.

2. ತಾವು ಪರೀಕ್ಷೆಗೆ ಇಟ್ಟದ್ದು ಒಂದು ಗೊಂಬೆ, ಒಂದು ಗಡಿಯಾರ, ಬಣ್ಣದ ಉಣ್ಣೆಯ ಉಂಡೆಗಳು. ಗೊಂಬೆಗೆ ನೆಗಡಿಯಾಗುವುದಿಲ್ಲ, ಅದು ಯಾರ ಮೇಲೂ ಮುನಿಸಿಕೊಳ್ಳುವುದಿಲ್ಲ. ಸಾಮಾನ್ಯ ಗ್ರಾಹಕರ ಮನೆಯಲ್ಲಿ ಇರುವವರು ಅಂಥವರಲ್ಲ. ಕಾರಣ, ಸದರಿ ಪರೀಕ್ಷೆ ನಮ್ಮ ಮನೆಗೆ ಅನ್ವಯಿಸುವುದಿಲ್ಲ.

3. ಹೋದ ಚಳಿಗಾಲದಲ್ಲಿ ತಮ್ಮ ತಾಯಿ ದೇವರ ಪಾದ ಸೇರಿದಾಗ ಗೋಡೆಗೆ ಹಾಕಲು ಅವಳದೊಂದು ಚಿತ್ರ ಹುಡುಕಿದೆವು. ಎಲ್ಲವನ್ನೂ ತೆಗೆದವಳು ಅವಳೇ ಆದ ಕಾರಣ ಅವಳು ಯಾವುದರಲ್ಲಿಯೂ ಇರಲಿಲ್ಲ. ಗುರುತಿನ ಚೀಟಿಯಲ್ಲಿ ಒಂದಿತ್ತು. ಅದರಲ್ಲಿ ಅವಳು ಪೊಲೀಸರ ಮುಂದೆ ನಿಂತವಳಂತೆ ಇದ್ದಳು. ಕೊನೆಗೆ ಸಿಕ್ಕಿದ್ದು ಲಗತ್ತಿಸಿರುವ ಚಿತ್ರ. ಆ ಚಿತ್ರ ಬಿದ್ದ ದಿನ ಹಿತ್ತಲಲ್ಲಿ ನನ್ನನ್ನು ನಿಲ್ಲಿಸಿ ಗುಂಡಿ ಒತ್ತಿದಳು. ಏನೂ ಆಗಲಿಲ್ಲ. ಕ್ಯಾಮೆರಾವನ್ನು ತನ್ನ ಕಡೆ ತಿರುಗಿಸಿ ಹಿಡಿದು,

"ಏನ್ರೀ, ಇದು ತೆಗೀತೋ ಇಲ್ವೋ?" ಎಂದಳು.

"ನನ್ನನ್ಯಾಕೆ ಕೇಳ್ತೀಯ? ಅದನ್ನೇ ಕೇಳು," ಎಂದೆ.

ಅವಳು ನಕ್ಕಳು. ಆಗ ತೆಗೆಯಿತು. ಒಂದು ಕಣ್ಣು, ಅರ್ಧ ಮೂಗು, ಪೂರ್ತಿ ನಗು. ಹತ್ತಕ್ಕೆ ಒಂಬತ್ತು ಪಡೆದ ತಮ್ಮ ಚುರುಕು ಕ್ಯಾಮೆರಾ ಆಗಿದ್ದರೆ ಅದರಲ್ಲಿ ನಾನು ಬೀಳುತ್ತಿದ್ದೆ. ನನ್ನ ಮುಖಕ್ಕೆ ಈ ಮನೆಯಲ್ಲಿ ಕೊರತೆಯಿಲ್ಲ.

4. ಕ್ಯಾಮೆರಾದ ಕೈಪಟ್ಟಿ ಹರಿದಾಗ ಅವಳು ಹಾಕಿದ ಗಂಟು ಇನ್ನೂ ಹಾಗೆಯೇ ಇದೆ. ಕ್ಯಾಮೆರಾ ಬಿಚ್ಚಲು ಮೊದಲು ಆ ಗಂಟು ಬಿಚ್ಚಬೇಕಾಗುತ್ತದೆ. ಇದನ್ನು ವಿಭಾಗ ಗಮನಿಸಿದಂತಿಲ್ಲ.

5. ಅವಳನ್ನು ಕರೆದುಕೊಂಡ ದೇವರ ತೀರ್ಮಾನದ ಮೇಲೆ ನಾನು ಮೇಲ್ಮನವಿ ಸಲ್ಲಿಸಿಲ್ಲ, ಸಲ್ಲಿಸುವುದೂ ಇಲ್ಲ. ಬೆಳಿಗ್ಗೆ ಎದ್ದು ಅವನಿಗೆ ಕೈಮುಗಿಯುವುದನ್ನು ಬಿಟ್ಟಿಲ್ಲ. ತಮ್ಮ ತೀರ್ಮಾನದ ಮೇಲೆ ಮಾತ್ರ ಸಲ್ಲಿಸುತ್ತಿದ್ದೇನೆ.

ಆದ್ದರಿಂದ ಪ್ರಾರ್ಥನೆ:

(ಅ) ಮೂರು ಅಂಕ ಹಾಗೆಯೇ ಇರಲಿ. ದುಡ್ಡು ಕೊಟ್ಟು ಕೊಳ್ಳುವವರಿಗೆ ಸುಳ್ಳು ಹೇಳುವುದು ತಮ್ಮ ತಾಯಿಗೂ ಹಿಡಿಸುತ್ತಿರಲಿಲ್ಲ. ಅವಳೇ ಇದನ್ನು "ಸೋಂಬೇರಿ" ಎಂದು ಕರೆಯುತ್ತಿದ್ದಳು.

(ಆ) ಸೋಂಬೇರಿಯನ್ನು ಬಿಚ್ಚದೆ, ಗಂಟಿನ ಸಮೇತ ಇಂದು ಸಂಜೆ ಮನೆಗೆ ತರತಕ್ಕದ್ದು.

(ಇ) ಚಳಿಗಾಲದಿಂದ ಈಚೆಗೆ ತಾವು ಗೊಂಬೆಯ ಚಿತ್ರ ಬೇಕಾದಷ್ಟು ತೆಗೆದಿದ್ದೀರಿ. ತಮ್ಮದೊಂದೂ ಇಲ್ಲ. ಕಾರಣ, ಭಾನುವಾರ ನನ್ನ ಪೂಜೆ ಮುಗಿದ ಮೇಲೆ ಹಿತ್ತಲಿಗೆ ಬಂದು, ಕ್ಯಾಮೆರಾವನ್ನು ನನ್ನತ್ತ ಹಿಡಿದು ಗುಂಡಿ ಒತ್ತಿ, ತೆಗೆಯಿತೋ ಇಲ್ಲವೋ ಎಂದು ತಮ್ಮ ಕಡೆ ತಿರುಗಿಸಿ ನೋಡತಕ್ಕದ್ದು. ಮುಂದಿನದನ್ನು ಅದು ನೋಡಿಕೊಳ್ಳುತ್ತದೆ. ಅಲ್ಲಿಯವರೆಗೆ ನಿಂತಿರಲು ಅರ್ಜಿದಾರನಿಗೆ ಅಭ್ಯಾಸವಿದೆ.

ಇಂತಿ, ತಮ್ಮ ವಿಶ್ವಾಸಿಯೂ ತಂದೆಯೂ ಆದ,
(ಸಹಿ)

ಲಗತ್ತುಗಳು:
1. ಚಿತ್ರ, ಒಂದು. ಕೈ ತೊಳೆದ ಮೇಲೆ ಮುಟ್ಟತಕ್ಕದ್ದು. ಸಂಜೆ ಗೋಡೆಗೆ ವಾಪಸ್ಸು ಬೇಕು.
2. ಮಧ್ಯಾಹ್ನದ ಊಟ. ಉಪ್ಪು ಸ್ವಲ್ಪ ಮುಂದಾಗಿದೆ. ಈ ಬಗ್ಗೆ ಅಂಕ ನೀಡುವ ಅಗತ್ಯವಿಲ್ಲ.

ವಿ.ಸೂ.: ಭಾನುವಾರ ಗೊಂಬೆಯನ್ನು ಕರೆತರಬಾರದೆಂದು ವಿನಂತಿ.